ಅಕ್ಕನಿಗೊಂದು ಹೂಂ

ನಮ್ಮಕ್ಕನ ಬಾಯಿ ಮುಚ್ಚಿಸಲು ಗದರಬೇಕಾಗಿಲ್ಲ, ಕೈ ಮುಗಿಯಬೇಕಾಗಿಲ್ಲ. ಎದುರಿಗಿರುವವರು ತಮ್ಮ ಬಾಯಿ ಮುಚ್ಚಿಕೊಂಡು ಕೂತರೆ ಸಾಕು! ಬೇರೆಯವರು ಸುಮ್ಮನಿದ್ದರೆ ತಾನೂ ಮಾತು ನಿಲ್ಲಿಸಿಬಿಡುವ ಹೆಂಗಸು ಇಡೀ ತುಮಕೂರಿನಲ್ಲಿ ಇವಳೊಬ್ಬಳೇ ಇರಬೇಕು. ಇಂಥವಳು ಒಂದು ವರ್ಷ ಪೂರ್ತಿ ದೇಶ ದೇಶ ಸುತ್ತಿ ಭಾಷಣ ಮಾಡಿ ಬಂದಳು ಅಂದರೆ ನೀವು ನಂಬುತ್ತೀರಾ? ಅವಳ ತಮ್ಮನಾದ ನಾನೇ ಇನ್ನೂ ಪೂರ್ತಿ ನಂಬಿಲ್ಲ.

ಇದಕ್ಕೆಲ್ಲ ಮೂಲ ನಮ್ಮಮ್ಮ. ನಾವು ಚೇಳೂರಿನಲ್ಲಿದ್ದಾಗ ಅಮ್ಮ ನಮ್ಮಿಬ್ಬರನ್ನೂ ಅಕ್ಕಪಕ್ಕ ಮಲಗಿಸಿಕೊಂಡು ಕಥೆ ಹೇಳುತ್ತಿದ್ದಳು. ಕಥೆಗೆ ಒಂದೇ ಷರತ್ತು, ಪ್ರತಿ ಮಾತಿಗೂ ಹೂಂಗುಟ್ಟಬೇಕು. "ಒಂದೂರಲ್ಲಿ ಒಬ್ಬ ರಾಜ ಇದ್ದ." "ಹೂಂ." "ಅವನು ಕುದುರೆ ಹತ್ತಿ ಹೊಂಟ." "ಹೂಂ." ಹೂಂ ನಿಂತಿತೆಂದರೆ ಮಕ್ಕಳಿಗೆ ನಿದ್ದೆ ಬಂತು ಎಂದು ಅರ್ಥ. ಅಮ್ಮ ರಾಜನನ್ನು ಕುದುರೆಯ ಮೇಲೆಯೇ ಬಿಟ್ಟು ಎದ್ದು ಹೋಗುತ್ತಿದ್ದಳು. ನಾನು ನಿದ್ದೆಬುರುಕ, ಯಾವ ಕಥೆಯ ಕೊನೆಯನ್ನೂ ಕೇಳಿದವನಲ್ಲ. ನನ್ನ ಲೆಕ್ಕದಲ್ಲಿ ಆ ರಾಜರೆಲ್ಲ ಇನ್ನೂ ಕುದುರೆಯ ಮೇಲೆಯೇ ಇದ್ದಾರೆ. ಅಕ್ಕ ಮಾತ್ರ ಎಲ್ಲವನ್ನೂ ಕೊನೆಯವರೆಗೆ ಕೇಳಿದಳು. ಕೇಳಿದ್ದಲ್ಲದೆ ಆ ಷರತ್ತನ್ನೂ ಜನ್ಮಕ್ಕೆ ಅಂಟಿಸಿಕೊಂಡಳು.

ಅಂದಿನಿಂದ ಎದುರಿಗಿರುವವರು ಹೂಂ ಅನ್ನದಿದ್ದರೆ ಅಕ್ಕನ ಮಾತು ನಡುವೆಯೇ ನಿಲ್ಲುತ್ತದೆ, ಕರೆಂಟು ಹೋದ ಫ್ಯಾನಿನ ಹಾಗೆ. ಒಮ್ಮೆ ಬಸ್ ಸ್ಟ್ಯಾಂಡಿನಿಂದ ಬಟವಾಡಿಯ ಮನೆಗೆ ಆಟೋದಲ್ಲಿ ಬರುತ್ತಿದ್ದಳು. "ಮುಂದೆ ಒಂದು ಮೆಡಿಕಲ್ ಶಾಪ್ ಸಿಗುತ್ತೆ, ಅದರ ಪಕ್ಕ" ಅಂದಳು. ಡ್ರೈವರನ ಬಾಯಿ ತುಂಬ ಎಲೆಅಡಿಕೆ. ಅವನು ಹೂಂ ಅನ್ನಲಿಲ್ಲ. ಅಕ್ಕ ಕಾದಳು. ಮೆಡಿಕಲ್ ಶಾಪ್ ಹೋಯಿತು, ಬಟವಾಡಿಯೂ ಹೋಯಿತು. ಕ್ಯಾತ್ಸಂದ್ರದಲ್ಲಿ ಅವನು ಆಟೋ ನಿಲ್ಲಿಸಿ, ಉಗಿದು, ಹಿಂದೆ ತಿರುಗಿ ಕೇಳಿದನಂತೆ: "ಪಕ್ಕ ಏನಕ್ಕಾ?"

ಬಟವಾಡಿಯಲ್ಲಿ ನಮ್ಮದು ಒಂದೇ ಕಟ್ಟಡ. ಕೆಳಗೆ ನನ್ನ ಹಿಟ್ಟಿನ ಮಿಲ್ಲು, ಮೇಲೆ ಅಕ್ಕ ಮತ್ತು ಭಾವನ ಸಂಸಾರ. ಅಮ್ಮ ಹೋದ ಮೇಲೆ ಅಕ್ಕನಿಗೆ ಹೂಂಗುಟ್ಟುವ ಕೆಲಸ ನನಗೆ ಬಂತು. ಭಾವ ಆ ಕೆಲಸಕ್ಕೆ ಆಗುವವರಲ್ಲ. ಅವರು ಗುಬ್ಬಿಯವರು, ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಫ್ಯಾಕ್ಟರಿಯಲ್ಲಿ ಕೆಲಸ. ಬಹಳ ಒಳ್ಳೆಯವರು, ಆದರೆ ಹೂಂ ಅನ್ನುವ ಜಾತಿಯಲ್ಲ, ಉಹೂಂ ಅನ್ನುವ ಜಾತಿ. ನನಗಾದರೋ ಹೂಂ ಅನ್ನುವುದೇ ಕಸುಬು. ಮಿಲ್ಲಿನ ಮೋಟರ್ ಓಡುವಾಗ ಯಾರು ಏನು ಹೇಳಿದರೂ ಕೇಳಿಸುವುದಿಲ್ಲ, ಆದ್ದರಿಂದ ಎಲ್ಲಕ್ಕೂ ಹೂಂ ಅಂದುಬಿಡುತ್ತೇನೆ. ಒಬ್ಬಾಕೆ, "ಮೆಣಸಿನಕಾಯಿ ಬೀಸಿದ್ ಮಿಷನ್‌ಗೆ ನಮ್ ರಾಗಿ ಹಾಕಬ್ಯಾಡ" ಅಂದಿದ್ದಳಂತೆ. ನಾನು ಹೂಂ ಅಂದು ಅದಕ್ಕೇ ಹಾಕಿದೆ. ಅವರ ಮನೆಯಲ್ಲಿ ಆ ದಿನ ಮುದ್ದೆಗೆ ಸಾರೇ ಬೇಕಾಗಲಿಲ್ಲವಂತೆ!

ಇನ್ನು ಅಕ್ಕನ ಕೆಲಸ. ಅವಳು ಓದಿಕೊಂಡವಳು, ನಾನು ಹತ್ತನೇ ಕ್ಲಾಸಿನ ಬಾಗಿಲಿನಿಂದಲೇ ವಾಪಸು ಬಂದವನು. ಅವಳು ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಯಾವುದೋ ದೇಶದ ಜನರ ಜೊತೆ ಡೇಟಾಬೇಸ್ ಕೆಲಸ ಮಾಡುತ್ತಾಳೆ. ನಾನು ಕೆಳಗೆ ಮೋಟರ್ ಹಾಕಿದರೆ ಮೇಲೆ ಅವಳ ಮೇಜು ನಡುಗುತ್ತದೆ. ವಿಡಿಯೋದಲ್ಲಿ ನೋಡುವ ದೊರೆಗಳು ನಿಮ್ಮೂರಲ್ಲಿ ದಿನಾ ಭೂಕಂಪವಾ ಎಂದು ಕೇಳುತ್ತಾರಂತೆ.

ಡೇಟಾಬೇಸ್ ಅಂದರೆ ಏನು? ಮಿಲ್ಲಿಗೆ ಬಂದವರೆಲ್ಲ ನನ್ನನ್ನು ಕೇಳುತ್ತಿದ್ದರು. ನಾನು ಭಾವನನ್ನು ಕೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಬೇಸ್ ಅಂದ್ರೆ ಆಧಾರ" ಅಂದರು. ಅಷ್ಟು ಸಾಕಲ್ಲ? ನಾನು ಎಲ್ಲರಿಗೂ, ನಮ್ಮಕ್ಕನದು ಆಧಾರದ ಕೆಲಸ ಅಂದೆ. ಮಾರನೇ ದಿನ ಬೆಳಿಗ್ಗೆ ಅಕ್ಕನ ಬಾಗಿಲಲ್ಲಿ ಸಾಲು! ಎಲ್ಲರ ಕೈಯಲ್ಲೂ ಆಧಾರ್ ಕಾರ್ಡು. ಒಬ್ಬರ ಹೆಸರು ತಪ್ಪು, ಒಬ್ಬರ ಊರು ತಪ್ಪು, ಒಬ್ಬ ಅಜ್ಜ ಕಾರ್ಡಿನಲ್ಲಿ ತನ್ನ ಮಗನಿಗಿಂತ ಚಿಕ್ಕವನು. ಅಕ್ಕ ಅವರನ್ನೆಲ್ಲ ಕೂರಿಸಿಕೊಂಡು ಡೇಟಾಬೇಸ್ ಅಂದರೆ ಏನೆಂದು ವಿವರಿಸಿದಳು. ಕೆಲಸ ಆಗಬೇಕಲ್ಲ, ಅವರೂ ಒಂದೊಂದು ಮಾತಿಗೂ ಭಕ್ತಿಯಿಂದ ಹೂಂ, ಹೂಂ ಅಂದರು. ಅಕ್ಕನಿಗೆ ಸ್ವರ್ಗ. ಎಲ್ಲ ಮುಗಿದ ಮೇಲೆ ಆ ಅಜ್ಜ, "ಎಲ್ಲಾ ಅರ್ಥ ಆಯ್ತು ಕಣವ್ವ. ಈಗ ಹುಟ್ಟಿದ್ ತಾರೀಕು ಬದಲಾಯ್ಸು" ಅಂದನಂತೆ.

ಸಂಜೆ ಅಕ್ಕ ನನ್ನನ್ನು ಬೈಯಲಿಲ್ಲ. "ಎಂಥಾ ಒಳ್ಳೆ ಜನ ಕಣೋ. ಎಷ್ಟ್ ಚೆನ್ನಾಗ್ ಕೇಳಿಸ್ಕೊಂಡ್ರು" ಅಂದಳು.

ಆ ವರ್ಷವೇ ಅವಳಿಗೆ ಹೊರದೇಶಗಳಿಂದ ಕರೆ ಬಂತು. ಡೇಟಾಬೇಸ್ ಮಾಡುವವರೆಲ್ಲ ಒಂದು ಕಡೆ ಸೇರುತ್ತಾರಂತೆ, ಕಾನ್ಫರೆನ್ಸ್ ಅಂತ, ಅಲ್ಲಿ ನೀವು ಮಾತಾಡಬೇಕು ಎಂದು. ಅಕ್ಕ ಮೊದಲು ನನ್ನ ಮುಂದೆ ಹೇಳಿ ನೋಡುತ್ತೇನೆ ಅಂದಳು. ಮಧ್ಯಾಹ್ನ ಕರೆಂಟು ಹೋದಾಗ ಮಿಲ್ಲಿಗೆ ಇಳಿದು ಬಂದು ರಾಗಿ ಮೂಟೆಯ ಮೇಲೆ ಕೂರುತ್ತಿದ್ದಳು. "ನಿಂಗರ್ಥ ಆದ್ರೆ ಅವ್ರಿಗೂ ಆಗುತ್ತೆ" ಅನ್ನುವುದು ಅವಳ ಲೆಕ್ಕ. ಇದು ನನಗೆ ಮರ್ಯಾದೆಯೋ ಅವಮಾನವೋ ಇನ್ನೂ ತೀರ್ಮಾನವಾಗಿಲ್ಲ.

ಅವಳು ಹೇಳುತ್ತಿದ್ದುದು ಹೀಗೆ. ನಮಗೆ ಮೂರು ಮಿಲ್ಲು ಇದೆ ಅಂದುಕೋ. ಒಂದು ತುಮಕೂರಲ್ಲಿ, ಒಂದು ಗುಬ್ಬಿಯಲ್ಲಿ, ಒಂದು ಕುಣಿಗಲ್ಲಲ್ಲಿ. ಯಾರ ಡಬ್ಬ ಯಾವುದು ಅನ್ನುವುದು ಮೂರು ಕಡೆಯೂ ಬರೆದಿರಬೇಕು. ತುಮಕೂರಿನವನು ಬರೆದುಕೊಂಡು ಉಳಿದಿಬ್ಬರಿಗೂ ಕೂಗಿ ಹೇಳುತ್ತಾನೆ. ಅವರು ಬರೆದುಕೊಂಡು ಹೂಂ ಅನ್ನಬೇಕು. ಆಗ ಗುಬ್ಬಿಯಲ್ಲಿ ಕರೆಂಟು ಹೋದರೂ ಕುಣಿಗಲ್ಲಿನಲ್ಲಿ ಡಬ್ಬದ ಲೆಕ್ಕ ಇರುತ್ತದೆ. ಹೊರದೇಶದ ಕಂಪ್ಯೂಟರುಗಳೂ ಹೀಗೇ ಒಂದಕ್ಕೊಂದು ಹೂಂಗುಟ್ಟಿಕೊಂಡು ಬದುಕುತ್ತವಂತೆ. ಇಷ್ಟು ನನಗೆ ಚೆನ್ನಾಗಿ ಗೊತ್ತು. ಇದರ ಮುಂದಿನದು ಗೊತ್ತಿಲ್ಲ. ಯಾಕೆ ಗೊತ್ತಿಲ್ಲ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಅಕ್ಕ ಭಾಷಣದಲ್ಲಿ ತೋರಿಸುವ ಪರದೆಯ ಮೇಲೂ ಇವೇ ಹೆಸರು ಹಾಕಿದಳು: ತುಮಕೂರು, ಗುಬ್ಬಿ, ಕುಣಿಗಲ್. ಹೊರದೇಶದ ದೊಡ್ಡ ದೊಡ್ಡ ತಲೆಗಳೆಲ್ಲ ಕೈ ಎತ್ತಿ, "ಗುಬ್ಬಿ ಸತ್ತರೆ ಕುಣಿಗಲ್ ಏನು ಮಾಡುತ್ತದೆ?" ಎಂದು ಚಿಂತೆಯಿಂದ ಕೇಳುತ್ತಿದ್ದರಂತೆ. ಇದನ್ನು ಕೇಳಿ ಭಾವನಿಗೆ ಉರಿಯಿತು.

"ಯಾವಾಗ್ಲೂ ನಮ್ ಗುಬ್ಬಿನೇ ಯಾಕೆ ಸಾಯ್ಬೇಕು? ಒಂದ್ಸಲ ಕುಣಿಗಲ್ ಸಾಯ್ಲಿ" ಅಂದರು.

"ಆ ಚಿತ್ರದಲ್ಲಿ ಗುಬ್ಬಿ ಎಡಗಡೆ ಇದೆ ರೀ" ಅಂದಳು ಅಕ್ಕ.

"ಎಡಗಡೆ ಇದ್ದೋರೆಲ್ಲ ಸಾಯ್ಬೇಕಾ?" ಅಂದು ಭಾವ ಆ ಹೊತ್ತು ಕಾಫಿ ಕುಡಿಯಲಿಲ್ಲ.

ಮೊದಲ ಭಾಷಣ ಕೆನಡಾದಲ್ಲಿ. ಅಕ್ಕ ವೇದಿಕೆ ಹತ್ತಿ ಒಂದು ಮಾತು ಹೇಳಿ ನಿಂತಳು. ಸಭೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ನಮಗೆ ಅದು ಗೌರವ, ಅಕ್ಕನಿಗೆ ಅದು ಗೊರಕೆ! ಎಲ್ಲ ಮಲಗಿಬಿಟ್ಟರು ಎಂದುಕೊಂಡಳು. ಸಭೆಯವರು ಮೈಕ್ ಕೆಟ್ಟಿದೆ ಎಂದುಕೊಂಡು ಬೇರೆ ಮೈಕ್ ತಂದರು. ಅದರಲ್ಲೂ ಅದೇ ಮಾತು ಹೇಳಿ ನಿಂತಳು. ಪುಣ್ಯಕ್ಕೆ ಮುಂದಿನ ಸಾಲಿನಲ್ಲೊಬ್ಬನಿಗೆ ಗಂಟಲು ಕೆಟ್ಟಿತ್ತು, ಅವನು ಹ್ಹೂಂ ಎಂದು ಕೆಮ್ಮಿದ. ಅಕ್ಕ ಗಾಡಿ ಬಿಟ್ಟಳು. ಅವನು ಕೆಮ್ಮಿದಾಗೆಲ್ಲ ಅವಳು ಮುಂದಕ್ಕೆ ಹೋದಳು. ಅವನ ನೆಗಡಿಯ ದಯೆಯಿಂದ ಕೆನಡಾ ದಾಟಿತು.

ಜಪಾನ್ ಅವಳಿಗೆ ಬಹಳ ಹಿಡಿಸಿತು. ಅಲ್ಲಿನವರು ಮಾತಾಡಿಸಲು ಬಂದರೆ ಪ್ರತಿ ಮಾತಿಗೂ ತಲೆಯಾಡಿಸಿ ಹಾಯ್, ಹಾಯ್ ಅನ್ನುತ್ತಾರಂತೆ. ಅವರ ಭಾಷೆಯ ಹೂಂ ಅದೇ. ಅಕ್ಕ ಕ್ಯಾಂಟೀನಿನವರು ಕುರ್ಚಿ ಮಡಿಸುವವರೆಗೂ ಮಾತಾಡಿದಳು. ವಾಪಸು ಬಂದು, "ಅವ್ರು ನಮ್ ಚೇಳೂರ್ ಕಡೆಯೋರೇ ಇರ್ಬೇಕು ಕಣೋ" ಅಂದಳು.

ಆಮೇಲೆ ಲಂಡನ್. ಆ ಸಭೆ ದೊಡ್ಡದು, ಕೆಮ್ಮುವವರನ್ನು ನಂಬಿಕೊಂಡು ಹೋಗಲಾಗದು. ಅಕ್ಕ ಒಂದು ಉಪಾಯ ಮಾಡಿದಳು. ಹುಣಸೆಬೀಜದಷ್ಟು ಚಿಕ್ಕ ಇಯರ್‌ಫೋನ್ ಕಿವಿಗೆ ಸಿಕ್ಕಿಸಿ ಮೇಲೆ ಕೂದಲು ಇಳಿಬಿಡುವುದು. ನಾನು ಇಲ್ಲಿಂದ ಫೋನಿನಲ್ಲಿ ಹೂಂಗುಟ್ಟುವುದು. "ಭಾಷೆ ಅರ್ಥ ಆಗ್ದಿದ್ರೂ ಪರ್ವಾಗಿಲ್ಲ, ನಿನ್ ಹೂಂ ಕೇಳುಸ್ತಿದ್ರೆ ಸಾಕು. ನಡುವೆ ನಾನೇನಾದ್ರೂ ಕೇಳಿದ್ರೆ ಹೇಳು" ಅಂದಳು. ನಾನು ಹೂಂ ಅಂದೆ.

ಇಲ್ಲಿಯವರೆಗೆ ನಿಮ್ಮನ್ನು ನಗಿಸಿದೆ. ಈಗ ನನ್ನ ವಿಷಯಕ್ಕೆ ಬರಬೇಕು. ಆ ವರ್ಷವೆಲ್ಲ ಅಕ್ಕ ಮೂಟೆಯ ಮೇಲೆ ಕೂತು ಹೇಳಿದ ಯಾವ ಭಾಷಣವನ್ನೂ ನಾನು ಪೂರ್ತಿ ಕೇಳಿರಲಿಲ್ಲ. ಕರೆಂಟು ಹೋದ ಹೊತ್ತೇ ಮಿಲ್ಲಿನವನಿಗೆ ನಿದ್ದೆಯ ಹೊತ್ತು. ಮೂರು ಊರಿನ ಡಬ್ಬದ ಲೆಕ್ಕ ಮುಗಿಯುವಷ್ಟರಲ್ಲಿ ನನ್ನ ಕಣ್ಣು ತೆರೆದೇ ಮಲಗುತ್ತಿತ್ತು. ಬಾಯಿ ಮಾತ್ರ ತನ್ನಷ್ಟಕ್ಕೆ ಹೂಂ ಅನ್ನುತ್ತಿತ್ತು. ಅಕ್ಕ ಆ ಹೂಂ ನಂಬಿಕೊಂಡು ಒಂದೊಂದು ದೇಶಕ್ಕೂ ಹೋಗಿ ಬಂದಳು.

ಲಂಡನ್ನಿನ ಭಾಷಣದ ಹೊತ್ತಿಗೆ ಇಲ್ಲಿ ಸಂಜೆ. ಮಾರನೇ ದಿನ ಹಬ್ಬ, ಮಿಲ್ಲಿನ ಮುಂದೆ ಡಬ್ಬಗಳ ಸಾಲು. ಮೊದಮೊದಲು ಮೋಟರ್ ಹಾಕದೆ ಹೂಂ, ಹೂಂ ಅಂದೆ. ಡಬ್ಬದವರು ಗೊಣಗಿದರು. ಮೋಟರ್ ಹಾಕಿದೆ. ಫೋನನ್ನು ಮೂಟೆಯ ಮೇಲಿಟ್ಟು, ಹಿಟ್ಟು ತುಂಬುತ್ತಾ, ಏನೂ ಕೇಳದಿದ್ದರೂ ಆಗಾಗ ಅದರ ಕಡೆ ಬಗ್ಗಿ ಹೂಂ ಅಂದೆ.

ಅಲ್ಲಿ ಏನಾಯಿತು ಎಂದು ಆಮೇಲೆ ಹೇಳಿದ್ದು ಭಾವ. ನಡುವೆ ಪರದೆ ಕೆಟ್ಟು ಕಪ್ಪಾಯಿತಂತೆ. ಅಕ್ಕನಿಗೆ ತಾನು ಯಾವ ಊರನ್ನು ಸಾಯಿಸಿದ್ದೆ ಅನ್ನುವುದು ಮರೆತುಹೋಯಿತು. ಮೆಲ್ಲಗೆ ಕನ್ನಡದಲ್ಲಿ, "ಹೋಗಿದ್ದು ಗುಬ್ಬಿನೋ ಕುಣಿಗಲ್ಲೋ?" ಎಂದು ನನ್ನನ್ನು ಕೇಳಿದಳು. ನಾನು ಹೂಂ ಅಂದೆ. "ಗುಬ್ಬಿನೇನೋ?" ಹೂಂ. "ಕುಣಿಗಲ್ಲೇನೋ?" ಹೂಂ. ಅಕ್ಕ ಸಭೆಗೆ ಕೈ ಮುಗಿದು ಅರ್ಧ ಭಾಷಣಕ್ಕೇ ಇಳಿದು ಬಂದಳಂತೆ.

ಊರಿಗೆ ಬಂದ ಮೇಲೆ ಒಂದೇ ಮಾತು ಕೇಳಿದಳು. "ಮಿಲ್ ಗದ್ದಲ ಜಾಸ್ತಿ ಇತ್ತೇನೋ?"

"ಇಲ್ಲಕ್ಕ, ಲೈನೇ ಸರಿ ಇರ್ಲಿಲ್ಲ" ಅಂದುಬಿಟ್ಟೆ.

ಅಕ್ಕ ಹೂಂ ಅಂದಳು. ನನಗೆ ಅವಳು ಹೂಂ ಅಂದದ್ದು ಅದೇ ಮೊದಲು. ಆಮೇಲೆ ಕರೆಂಟು ಹೋದರೂ ಅವಳು ಕೆಳಗೆ ಬರಲಿಲ್ಲ. ಮೂಟೆ ಖಾಲಿ. ನನಗೆ ಬೇಕಾದಷ್ಟು ನಿದ್ದೆ ಮಾಡಲು ಅವಕಾಶ, ಆದರೆ ನಿದ್ದೆ ಬರಬೇಕಲ್ಲ! ಮುಂದಿನ ಭಾಷಣ ಜರ್ಮನಿಯಲ್ಲಿತ್ತು. ಬರುವುದಿಲ್ಲ ಎಂದು ಬರೆದುಬಿಡುತ್ತೇನೆ, ಇನ್ನು ಎಲ್ಲೂ ಮಾತಾಡುವುದಿಲ್ಲ ಎಂದು ಭಾವನ ಹತ್ತಿರ ಹೇಳಿದಳಂತೆ. ಭಾವ ಉಹೂಂ ಅಂದರು. ಆ ಮನುಷ್ಯನ ಉಹೂಂ ಕೆಲಸಕ್ಕೆ ಬಂದದ್ದು ಅವತ್ತೇ. ಅಕ್ಕ ಹೋದಳು, ಕಿವಿಗೆ ಏನೂ ಸಿಕ್ಕಿಸಿಕೊಳ್ಳದೆ. ಹೊರಡುವಾಗ ನಾನು ಹೂಂಗುಟ್ಟುತ್ತೇನೆ ಅಕ್ಕ ಎಂದು ಹೇಳಬೇಕೆಂದಿದ್ದೆ. ಯಾವ ಬಾಯಲ್ಲಿ ಹೇಳಲಿ?

ಭಾಷಣದ ಹೊತ್ತಿಗೆ ಅಲ್ಲಿ ಬೆಳಿಗ್ಗೆ, ಇಲ್ಲಿ ಮಧ್ಯಾಹ್ನ. ಭಾವ ಫ್ಯಾಕ್ಟರಿಗೆ ರಜ ಹಾಕಿ ಮಿಲ್ಲಿಗೆ ಇಳಿದು ಬಂದರು. ಸಭೆಯನ್ನು ಅಲ್ಲಿಂದ ನೇರವಾಗಿ ತೋರಿಸುತ್ತಿದ್ದರು. ಭಾವ ತಮ್ಮ ಫೋನನ್ನು ಅಕ್ಕ ಕೂರುತ್ತಿದ್ದ ಮೂಟೆಯ ಮೇಲೇ ಒರಗಿಸಿಟ್ಟರು. ಕರೆಂಟು ಇತ್ತು. ನಾನು ಮೋಟರ್ ಆರಿಸಿದೆ. ಫೋನಿನಲ್ಲಿ ಅಕ್ಕ ಬೆರಳುದ್ದ ಕಾಣುತ್ತಿದ್ದಳು. ಹಿಂದಿನ ಪರದೆಯಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ಇದ್ದವು. ಪಕ್ಕದಲ್ಲಿ ಇನ್ನೊಂದು ಹೊಸ ಮಿಷನ್. ನಾನು ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಬಟವಾಡಿ.

"ಭಾವ, ಏನಂತಾಳೆ ಹೇಳಿ" ಅಂದೆ.

ಭಾವ ಕನ್ನಡ ಮಾಡಿ ಹೇಳತೊಡಗಿದರು. "ಬಟವಾಡಿ ಮಿಷನ್ ಬರ್ಕೊಳ್ದೇನೇ ಹೂಂ ಅಂದ್ಬಿಡ್ತು, ಲೆಕ್ಕ ಎಲ್ಲ ತಪ್ಪೋಯ್ತು ಅಂತಾವ್ಳೆ. ಇಂಥ ಮಿಷನ್ನ ಗುಂಪಿಂದ ಆಚೆ ಹಾಕಿ ಅಂತಾರಂತೆ ಎಲ್ರೂ." ಅಲ್ಲಿಗೆ ತಮ್ಮ ಮಾತು ಸೇರಿಸಿದರು. "ಸದ್ಯ, ಗುಬ್ಬಿ ಬದುಕ್ತು."

ನಾನು ನಗಲಿಲ್ಲ. ಭಾವ ನನ್ನ ಮುಖ ನೋಡಿ ಧ್ವನಿ ಇಳಿಸಿದರು.

"ಇವ್ಳು ಹಾಕ್ಬೇಡಿ ಅಂತಾವ್ಳೆ. ಅದು ಕೆಟ್ ಮಿಷನ್ ಅಲ್ವಂತೆ, ಅದರ ಸುತ್ತ ಗದ್ದಲ ಜಾಸ್ತಿಯಂತೆ. ಏನೂ ಕೇಳಿಸ್ದೆ ಇದ್ರೂ ಹೂಂ ಅನ್ನೋದ್ ಬಿಟ್ಟಿಲ್ವಂತೆ. ಗದ್ದಲ ನಿಂತ್ಮೇಲೆ ಹತ್ರ ಕೂರಿಸ್ಕೊಂಡು ಮೊದಲಿಂದ ಹೇಳಿ, ಬರ್ಕೊಳುತ್ತೆ ಅಂತಾವ್ಳೆ."

ಯಾರ ಹೂಂ ಇಲ್ಲದೆಯೂ ಅಲ್ಲಿಯವರೆಗೆ ಹೇಗೋ ಓಡಿದ್ದ ಅಕ್ಕನ ಮಾತು ಅಲ್ಲಿಗೆ ನಿಂತಿತು. ಇನ್ನೇನೋ ಹೇಳಲಿತ್ತು, ಅವಳ ಕೈ ಗಾಳಿಯಲ್ಲಿ ಹಾಗೇ ಇತ್ತು. ಸಭೆ ನಿಶ್ಶಬ್ದ. ಒಬ್ಬರೂ ಕೆಮ್ಮಲಿಲ್ಲ.

"ಅಯ್ಯೋ, ನಿಂತೋದ್ಲು" ಅಂದರು ಭಾವ.

ನಾನು ಮೂಟೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಫೋನಿಗೆ ಬಾಯಿ ಹತ್ತಿರ ತಂದೆ. ಆ ಫೋನಿನಿಂದ ನಮಗೆ ಕೇಳುತ್ತದೆಯೇ ಹೊರತು ನಮ್ಮದು ಅಲ್ಲಿಗೆ ಕೇಳುವುದಿಲ್ಲ. ಅಷ್ಟು ನನಗೂ ಗೊತ್ತು.

"ಹೂಂ ಅಕ್ಕ" ಅಂದೆ.

ಅಕ್ಕ ಸೆರಗು ಸರಿ ಮಾಡಿಕೊಂಡು ಮುಂದಿನ ಮಾತು ಶುರು ಮಾಡಿದಳು. ಬಾಗಿಲಲ್ಲಿ ಡಬ್ಬ ಹಿಡಿದು ನಿಂತವರು, ಕರೆಂಟ್ ಐತಲ್ಲಪ್ಪ, ಮೋಟರ್ ಹಾಕು ಅಂದರು. ನಾನು ಹಾಕಲಿಲ್ಲ. ಕಥೆ ಇನ್ನೂ ಮುಗಿದಿರಲಿಲ್ಲ.