ಭಾವನ ಐಸ್‌ಕ್ರೀಮ್ ನ್ಯಾಯ

ನನ್ನ ಭಾವನಷ್ಟು ಅಪಾಯಕಾರಿ ಮನುಷ್ಯ ಮಂಗಳೂರಿನಲ್ಲಿ ಇನ್ನೊಬ್ಬರಿಲ್ಲ! ಅವರಿರುವ ಮನೆಯಲ್ಲಿ ಜಗಳವಾಡುವುದೇ ಸಾಧ್ಯವಿಲ್ಲ. ಜಗಳಕ್ಕೆ ಮೂಲ ಬಂಡವಾಳ ಯಾವುದು ಹೇಳಿ? ‘ಇದನ್ನು ಮಾಡಿದ್ದು ಯಾರು?’ ಎಂಬ ಪ್ರಶ್ನೆ ತಾನೆ? ಆ ಪ್ರಶ್ನೆಯನ್ನೇ ಅವರು ನಮ್ಮ ಮನೆಯಿಂದ ಗಡೀಪಾರು ಮಾಡಿದ್ದಾರೆ. ಅದಿಲ್ಲದೆ ಒಂದು ಸಂಸಾರ ನಡೆಯುವುದಾದರೂ ಹೇಗೆ?

ಭಾವ ಎಂದರೆ ನನ್ನ ಅಕ್ಕನ ಗಂಡ. ಬಲ್ಮಠದ ಒಂದು ಕಂಪೆನಿಯಲ್ಲಿ ಸಾಫ್ಟ್‌ವೇರ್ ಬರೆಯುತ್ತಾರೆ, ಒಂದು ಟೀಮಿನ ಮುಖ್ಯಸ್ಥರೂ ಹೌದು. ಉರ್ವದ ನಮ್ಮ ಮನೆಯಲ್ಲಿ ಅಕ್ಕ, ಭಾವ, ಗಲ್ಫಿನಲ್ಲಿ ನರ್ಸ್ ಆಗಿ ದುಡಿದು ಬಂದ ನಮ್ಮ ಮಮ್ಮಿ, ಮತ್ತು ಕಾಲೇಜಿನಲ್ಲಿ ಇತಿಹಾಸ ಕಲಿಸುವ ಬ್ರಹ್ಮಚಾರಿಯಾದ ನಾನು. ಮನೆಮಾತು ಕೊಂಕಣಿ, ನಿಮಗೋಸ್ಕರ ಕನ್ನಡಕ್ಕೆ ತಂದಿದ್ದೇನೆ. ಯಾರು ಯಾರನ್ನು ಸೋಲಿಸಿದರು ಎಂದು ಹೇಳಿಯೇ ಸಂಬಳ ಪಡೆಯುವ ನನಗೆ ಈ ಭಾವನ ಜೊತೆ ಬಾಳುವುದು ಎಷ್ಟು ಕಷ್ಟ ಎಂದು ನೀವೇ ಊಹಿಸಿ.

ಒಂದು ಮಧ್ಯಾಹ್ನ ಅಕ್ಕ ಹುರಿದಿಟ್ಟ ಕಾಣೆ ಮೀನನ್ನು ಬೆಕ್ಕು ಎತ್ತಿಕೊಂಡು ಹೋಯಿತು. ಕಾಣೆ! ಬೇರೆ ಮನೆಗಳಲ್ಲಾದರೆ ರಕ್ತಪಾತವೇ ಆಗುತ್ತಿತ್ತು.

“ಅಡುಗೆಮನೆ ಕಿಟಕಿ ತೆರೆದಿಟ್ಟದ್ದು ಯಾರು?” ಎಂದು ಅಕ್ಕ ಸಟ್ಟುಗ ಹಿಡಿದುಕೊಂಡೇ ಬಂದಳು.

ಭಾವ ಶಾಂತವಾಗಿ ಕುರ್ಚಿ ಎಳೆದು ಕೂತರು. “ಯಾರು ಅಂತ ಬೇಡ. ಕಿಟಕಿ ಯಾಕೆ ತೆರೆದಿತ್ತು?”

“ಹೊಗೆ ಹೋಗ್ಲಿಕ್ಕೆ.”

“ಫ್ಯಾನ್ ಉಂಟಲ್ಲ?”

“ಅದು ಹಾಳಾಗಿ ಎಷ್ಟು ಸಮಯ ಆಯ್ತು!”

“ಮತ್ತೆ ರಿಪೇರಿಗೆ ಯಾಕೆ ಹೇಳ್ಲಿಲ್ಲ?”

ನಾನು ಹೇಳಿರಬಹುದು ಎಂದು ಅಕ್ಕ, ಅಕ್ಕ ಹೇಳಿರಬಹುದು ಎಂದು ನಾನು, ನಾವಿಬ್ಬರೂ ಹೇಳಿರಬಹುದು ಎಂದು ಮಮ್ಮಿ! ಸಂಜೆಯೊಳಗೆ ಎಲೆಕ್ಟ್ರಿಷಿಯನ್ ಬಂದ, ಫ್ಯಾನ್ ತಿರುಗಿತು. ಬೆಕ್ಕಿನ ಮೇಲೆ ಕ್ರಮವಿಲ್ಲವೇ ಎಂದು ಕೇಳಿದೆ. “ಅದು ಅದರ ಕೆಲಸ ಮಾಡಿದೆ ಮಾರಾಯ, ನಾವು ಮಾತ್ರ ಮಾಡ್ಲಿಲ್ಲ” ಎಂದರು ಭಾವ.

ಇದು ಅವರ ಆಫೀಸಿನ ಪದ್ಧತಿಯಂತೆ. ಸಾಫ್ಟ್‌ವೇರ್ ಎಲ್ಲಾದರೂ ಕೆಟ್ಟು ಗಿರಾಕಿಗಳು ಬೊಬ್ಬೆ ಹಾಕಿದರೆ, ಮೊದಲು ಅದನ್ನು ಸರಿ ಮಾಡಿ, ಆಮೇಲೆ ಟೀಮಿನವರೆಲ್ಲ ಒಟ್ಟು ಕೂತು ಹೇಗಾಯಿತು ಎಂದು ಹುಡುಕುತ್ತಾರೆ. ಇಷ್ಟನ್ನು ಬೇರೆಯವರೂ ಮಾಡಿಯಾರು. ಆದರೆ ‘ನನ್ನಿಂದ ಆಯ್ತು’ ಎಂದು ತಾನಾಗಿ ಮೊದಲು ಹೇಳಿದವರಿಗೆ ಭಾವ ಗಡ್‌ಬಡ್ ಐಸ್‌ಕ್ರೀಮ್ ಕೊಡಿಸುತ್ತಾರೆ! ಉದ್ದ ಗ್ಲಾಸು, ಹಣ್ಣು, ಜೆಲ್ಲಿ, ಮೇಲೆ ಗೋಡಂಬಿ, ಏನೂ ಕಡಿಮೆಯಿಲ್ಲ. ತಪ್ಪು ಮಾಡದೆ ದುಡಿದವನಿಗೆ ಬರೀ ಚಾ.

“ಐಸ್‌ಕ್ರೀಮ್ ಆಸೆಗೆ ನಿಮ್ಮವರು ದಿನಾ ಕಂಪ್ಯೂಟರ್ ಹಾಳು ಮಾಡಿಯಾರು” ಎಂದೆ.

“ಒಂದು ತಪ್ಪಿಗೆ ಒಂದೇ ಸಲ. ಅದೇ ತಪ್ಪು ಇನ್ನೊಮ್ಮೆ ಆದ್ರೆ ಐಸ್‌ಕ್ರೀಮ್ ತಿನ್ನುವುದು ನಾನು.”

“ನೀವಾ? ಅದ್ಯಾಕೆ?”

“ತಪ್ಪಾಗುವ ದಾರಿ ಗೊತ್ತಿದ್ದೂ ಮುಚ್ಚಲಿಲ್ಲ ಅಲ್ವಾ? ಮತ್ತೆ ಅದು ನನ್ನ ತಪ್ಪು. ಮನುಷ್ಯ ಮರೆಯುತ್ತಾನೆ, ಸುಸ್ತಾಗ್ತಾನೆ, ಹೆಂಡತಿ ಹತ್ರ ಜಗಳ ಮಾಡಿ ಬಂದಿರ್ತಾನೆ. ಅಂಥವನ ಕೈಯಲ್ಲಿಯೂ ಕೆಡದ ಹಾಗೆ ಮಾಡುವುದಕ್ಕೇ ಇಂಜಿನಿಯರಿಂಗ್ ಅಂತ ಹೇಳುವುದು.”

ಭಾವನ ಹೊಟ್ಟೆಯನ್ನು ನೋಡಿದವರಿಗೆ ಅವರು ತಮ್ಮ ಮಾತಿಗೆ ಎಷ್ಟು ಬದ್ಧರು ಎಂಬುದು ಹೇಳದೆಯೇ ತಿಳಿಯುತ್ತದೆ.

ನನಗೆ ಇದೆಲ್ಲ ತಮಾಷೆಯಾಗಿಯೇ ಕಾಣುತ್ತಿತ್ತು, ತೊಕ್ಕೊಟ್ಟಿನಲ್ಲಿ ಒಂದು ಮದುವೆಗೆ ಹೋಗುವವರೆಗೆ. ಮದುವೆ ಭಾವನ ಟೀಮಿನ ಬ್ಯಾರಿ ಗೆಳೆಯರೊಬ್ಬರ ಮಗಳದ್ದು. ಬಿರಿಯಾನಿ ಬಡಿಸುತ್ತಾ ಬಂದ ಆ ಹಿರಿಯರು ನನ್ನ ಪಕ್ಕದಲ್ಲೇ ಕೂತುಬಿಟ್ಟರು. “ನಿಮ್ಮ ಭಾವನಿಗೆ ಪ್ರಮೋಶನ್ ತಪ್ಪಿದ್ದು ನನ್ನಿಂದ ಸರ್. ದೊಡ್ಡ ಗಿರಾಕಿಯ ಡೇಟಾ ನನ್ನ ಕೈಯಲ್ಲಿ ಅಳಿಸಿಹೋಗಿತ್ತು. ಮೇಲಿನವರು ಹೆಸರು ಬೇಕು ಅಂತ ಹಟ ಹಿಡಿದ್ರು. ಇವರು, ಹೆಸರೇ ಬೇಕಾದ್ರೆ ನನ್ನದು ಬರ್ಕೊಳ್ಳಿ ಅಂದ್ರು. ಎಂತ ಜನ ಸರ್ ಅದು!” ಎಂದು ನನ್ನ ತಟ್ಟೆಗೆ ಇನ್ನೊಂದು ತುಂಡು ಹಾಕಿದರು. ಎದುರಿನ ಸಾಲಿನಲ್ಲಿ ಭಾವ ಲೋಕವನ್ನೇ ಮರೆತು ಎಲುಬು ಚೀಪುತ್ತಿದ್ದರು. ಆ ಎಣ್ಣೆ ಮೆತ್ತಿದ ಮುಖವನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಇಂಥವರು ಇತಿಹಾಸದ ಪುಸ್ತಕದೊಳಗೆ ಯಾಕೆ ಬರುವುದಿಲ್ಲವೋ!

ರಾಜಕೀಯಕ್ಕೂ ಭಾವನದ್ದು ಇದೇ ನ್ಯಾಯ. ಚುನಾವಣೆಯ ಸಮಯದಲ್ಲಿ ಒಬ್ಬ ಅಭ್ಯರ್ಥಿ ಹಿಂಬಾಲಕರ ಸಮೇತ ನಮ್ಮ ಗೇಟು ತೆರೆದು ಕೈಮುಗಿದರು. ಭಾವನೂ ಕೈಮುಗಿದರು. “ಹೋದ ಸಲ ನಿಮ್ಮಿಂದ ಎಂತ ತಪ್ಪಾಯ್ತು, ಹೇಳ್ತೀರಾ?”

“ನಮ್ಮಿಂದ ತಪ್ಪೇ ಆಗ್ಲಿಲ್ಲ ಸರ್! ಎಲ್ಲ ಹಾಳು ಮಾಡಿದ್ದು ಆ ಪಕ್ಷದವರು.”

“ಛೆ, ಐಸ್‌ಕ್ರೀಮ್ ತಪ್ಪಿತಲ್ಲ ನಿಮಗೆ” ಎಂದರು ಭಾವ, ನಿಜವಾದ ಮರುಕದಿಂದ. ಮರುದಿನ ಬಂದ ಎದುರು ಪಕ್ಷದವರಿಗೂ ಅದೇ ಪ್ರಶ್ನೆ, ಅವರದ್ದೂ ಅದೇ ಉತ್ತರ. ಪಾಪ, ಇಬ್ಬರಿಗೂ ಐಸ್‌ಕ್ರೀಮ್ ಇಲ್ಲ!

ಹೀಗೆ ನಗುತ್ತಾ ಇದ್ದ ನಮ್ಮ ಮನೆಯಲ್ಲಿ ಒಂದು ಭಾನುವಾರ ಸಂಜೆ ಗ್ಯಾಸಿನ ವಾಸನೆ ತುಂಬಿತು. ಅಕ್ಕ ಓಡಿಹೋಗಿ ನೋಡಿದರೆ ಬರ್ನರ್ ತೆರೆದೇ ಇದೆ, ಉರಿಯಿಲ್ಲ. ಅದಕ್ಕೆ ಮೊದಲು ಅಡುಗೆಮನೆಯಲ್ಲಿ ಇದ್ದದ್ದು ಮಮ್ಮಿ ಒಬ್ಬರೇ. ಯಾರಾದರೂ ಒಂದು ಕಡ್ಡಿ ಗೀರಿದ್ದರೆ ಈ ಕತೆ ಹೇಳಲು ನಾನೇ ಇರುತ್ತಿರಲಿಲ್ಲ. ಹೆದರಿಕೆಗೆ ಅಕ್ಕ ಕೂಗಿಬಿಟ್ಟಳು, “ಇನ್ನು ನೀವು ಅಡುಗೆಮನೆಗೆ ಹೋಗುವುದೇ ಬೇಡ ಮಮ್ಮಿ!”

“ನಾನು ಆಫ್ ಮಾಡಿದ್ದೇನೆ” ಎಂದರು ಮಮ್ಮಿ. ದುಡಿದಷ್ಟು ಕಾಲವೂ ಒಬ್ಬ ರೋಗಿಗೂ ತಪ್ಪು ಮದ್ದು ಕೊಡದವರು ಎಂಬ ಹೆಮ್ಮೆ ಅವರದ್ದು. ಅಡುಗೆಮನೆಯೆಂದರೆ ಈಗಲೂ ಅವರ ವಾರ್ಡು. ಅದನ್ನು ಕಸಿದುಕೊಂಡರೆ ಅವರಿಗೆ ಉಳಿಯುವುದೇನು?

ಭಾವ ಗ್ಯಾಸ್ ಆಫ್ ಮಾಡಿ, ಕಿಟಕಿಗಳನ್ನೆಲ್ಲ ತೆರೆದು, ನಮ್ಮನ್ನು ಊಟದ ಮೇಜಿನ ಸುತ್ತ ಕೂರಿಸಿದರು. ಯಾರು ಎಂದು ಕೇಳಲಿಲ್ಲ. ಆಫೀಸಿನ ಅದೇ ಸ್ವರದಲ್ಲಿ, “ಗ್ಯಾಸ್ ತೆರೆದೇ ಉಳಿದದ್ದು ಹೇಗಿರಬಹುದು?” ಎಂದರು. ಉತ್ತರಕ್ಕೆ ಭಾವನಿಗೆ ಅವಸರ ಇರಲಿಲ್ಲ.

ಮಮ್ಮಿ ಮೇಜಿನ ಬಟ್ಟೆಯ ಅಂಚನ್ನು ಮಡಚುತ್ತಾ ಬಿಡಿಸುತ್ತಾ ಇದ್ದರು. ಕೊನೆಗೆ ಹೇಳಿದರು, “ನನ್ನಿಂದ ಆದದ್ದು. ಒಲೆಯ ಹತ್ರ ಹೋದದ್ದೇ ನೆನಪಿಲ್ಲ ನನಗೆ.” ಸ್ವಲ್ಪ ಸುಧಾರಿಸಿಕೊಂಡು ಮತ್ತೆ, “ಮೊನ್ನೆ ಪೂಜೆ ಮುಗಿಸಿ ಚರ್ಚಿನಿಂದ ಬರುವಾಗ ನಮ್ಮ ರಸ್ತೆ ಯಾವುದು ಅಂತ ಗೊತ್ತಾಗಲಿಲ್ಲ. ಬಸ್‌ಸ್ಟಾಪಿನಲ್ಲಿ ಸುಮ್ಮನೆ ಕೂತಿದ್ದೆ. ನಿಮಗೆ ಹೇಳ್ಲಿಕ್ಕೆ ಹೆದರಿಕೆ ಆಯ್ತು” ಎಂದರು.

ಭಾವ ಎದ್ದು, ಸ್ಕೂಟರಿನ ಕೀ ತೆಗೆದುಕೊಂಡು ಹೊರಗೆ ನಡೆದೇಬಿಟ್ಟರು. ಅವರಿಗೆ ಕೊನೆಗೂ ಸಿಟ್ಟು ಬಂತು ಎಂದುಕೊಂಡೆ ನಾನು. ಅಕ್ಕ ಮಮ್ಮಿಯ ಹೆಗಲಿಗೆ ತಲೆಯಿಟ್ಟು ಅಳುತ್ತಿದ್ದಳು.

ತಿರುಗಿ ಬಂದಾಗ ಅವರ ಕೈಯಲ್ಲಿ ಐಸ್‌ಕ್ರೀಮ್ ಪಾರ್ಸೆಲ್ ಇತ್ತು. ದಾರಿಯಲ್ಲೇ ಅರ್ಧ ಕರಗಿದ ಗಡ್‌ಬಡ್! ಅದನ್ನು ಉದ್ದ ಗ್ಲಾಸಿಗೆ ಸುರಿದು, ಚಮಚ ಹಾಕಿ, ಮಮ್ಮಿಯ ಮುಂದಿಟ್ಟರು.

“ಮಾಂಯ್,” ಎಂದರು ಅತ್ತೆಗೆ, “ಮೊದಲು ಹೇಳಿದವರಿಗೆ. ನಾಳೆ ಡಾಕ್ಟರ ಹತ್ರ ಹೋಗುವ. ಪಾತ್ರೆ ತೆಗೆದ ಕೂಡ್ಲೆ ತಾನೇ ಆಫ್ ಆಗುವ ಕರೆಂಟಿನ ಒಲೆ ತರುವ. ಅಡುಗೆ ನೀವೇ ಮಾಡಬೇಕು. ನಿಮ್ಮ ಮಗಳ ಸಾರು ತಿಂದು ಬದುಕ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ.”

ಮಮ್ಮಿ ಒಂದು ಚಮಚ ತಿಂದರು. ಮತ್ತೆ ಸಣ್ಣ ಸ್ವರದಲ್ಲಿ ಕೇಳಿದರು, “ಪುನಃ ಮರೆತರೆ?”

“ಪುನಃ ಮರೆತರೆ ಐಸ್‌ಕ್ರೀಮ್ ತಿನ್ನುವುದು ನಾನು, ಮಾಂಯ್.”

ಈಗ ನಮ್ಮ ಮನೆಯಲ್ಲಿ ಕರೆಂಟಿನ ಒಲೆ ಇದೆ. ಮಮ್ಮಿ ಅಡುಗೆ ಮಾಡುತ್ತಾರೆ. ಒಮ್ಮೊಮ್ಮೆ ಉಪ್ಪು ಮರೆಯುತ್ತಾರೆ, ಒಮ್ಮೊಮ್ಮೆ ನನ್ನ ಹೆಸರನ್ನೂ. ಭಾವನ ಹೊಟ್ಟೆ ಮೊದಲಿಗಿಂತ ಇನ್ನಷ್ಟು ಮುಂದೆ ಬಂದಿದೆ.