ಇಂಗ್ಲೆಂಡಿನ ನದಿಗೆ ಹೊರಟವರು

ಪ್ರವಾಸದ ಏರ್ಪಾಡು ಎಂಬ ವಿದ್ಯೆ ನನಗೆ ಹುಟ್ಟಿನಿಂದಲೇ ಒಲಿದಿದೆ ಎಂದು ನಾನು ಬಲವಾಗಿ ನಂಬಿದ್ದೆ. ಹಾಲೆಂಡಿನ ಹಾರ್ಲೆಮ್‌ಗೆ ಬಂದು ಆರು ವರ್ಷವಾಯಿತು. ರೈಲು, ಬಾಡಿಗೆ ಮನೆ, ನಗರಸಭೆಯಿಂದ ಡಚ್ಚಿನಲ್ಲಿ ಬರುವ ಗಂಭೀರ ಪತ್ರಗಳು, ಯಾವುದಕ್ಕೂ ಹೆದರಿದವನಲ್ಲ. ಆದ್ದರಿಂದ ಮೈಸೂರಿನಿಂದ ನಮ್ಮ ಮಾವನವರು ಬರುತ್ತಾರೆಂದು ಗೊತ್ತಾದ ಕೂಡಲೇ, ಅವರನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನದು ಎಂದು ಫೋನಿನಲ್ಲೇ ಘೋಷಿಸಿಬಿಟ್ಟೆ. ಯಾರೂ ಕೇಳಿರಲಿಲ್ಲ.

ಮಾವನವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಇಂಗ್ಲೆಂಡಿನ ಹಳ್ಳಿಗಾಡಿನ ಒಂದು ನದಿಯ ಪಾಠವನ್ನು ಮೂವತ್ತು ವರ್ಷ ಮಾಡಿದ್ದರು. ದಡದಲ್ಲಿ ಹಳೇ ಚರ್ಚು, ಬಾಗಿದ ಮರಗಳು, ಪಾಳುಬಿದ್ದ ಕೋಟೆ, ಎಲ್ಲ ಬಾಯಿಪಾಠ. ನೋಡಿದ್ದು ಮಾತ್ರ ಇಲ್ಲ. ಬೆಳಗಿನ ವಾಕಿಂಗಿಗೆ ಜೊತೆಯಾಗುವ ಶ್ರೀಕಂಠಯ್ಯ ಎಂಬ ನಿವೃತ್ತ ಭೂಗೋಳದ ಮೇಷ್ಟ್ರು ಅದನ್ನೇ ಹಿಡಿದು ಇವರನ್ನು ದಿನಾ ಚುಚ್ಚುತ್ತಿದ್ದರಂತೆ. ಈ ಸಲ ಮಾವನವರು, ಆ ನದಿಯಲ್ಲಿ ದೋಣಿ ಮೇಲೆ ನಿಂತ ಫೋಟೊವನ್ನು ವಾಕಿಂಗ್ ಗ್ರೂಪಿಗೆ ಕಳಿಸುತ್ತೇನೆಂದು ಹನ್ನೊಂದು ಜನರೆದುರು ಮಾತು ಕೊಟ್ಟು ವಿಮಾನ ಹತ್ತಿದ್ದರು. ನನ್ನನ್ನು ನಂಬಿ.

ಹೊರಡಲು ಎರಡು ದಿನ ಇದೆ ಎನ್ನುವಾಗ ಹಡಗಿನ ಟಿಕೆಟ್ ಮಾಡಲು ಕೂತೆ. ವೆಬ್‌ಸೈಟು ವೀಸಾ ವಿವರ ಕೇಳಿತು. ಇಲ್ಲಿನ ವೀಸಾದ ನಂಬರು ತುಂಬಿದೆ. ಬೇಡ ಎಂದಿತು. ಮತ್ತೆ ತುಂಬಿದೆ. ಹೆಂಡತಿ ವಿದ್ಯಾ ಹಿಂದಿನಿಂದ ಬಗ್ಗಿ ನೋಡಿ, "ಇಂಗ್ಲೆಂಡಿಗೆ ಬೇರೆ ವೀಸಾ ಬೇಕು ಅಂತ ನಿಂಗೆ ಗೊತ್ತಿರ್ಲಿಲ್ವಾ?" ಎಂದಳು. ಗೊತ್ತಿತ್ತು, ಮರೆತಿದ್ದೆ ಎಂದೆ. ಶುದ್ಧ ಸುಳ್ಳು. ಇಡೀ ಯುರೋಪು ಒಂದೇ ಅಂಗಳ, ಕೈಯಲ್ಲಿ ಒಂದು ವೀಸಾ ಇದ್ದರೆ ಎಲ್ಲಿ ಬೇಕಾದರೂ ಓಡಾಡಬಹುದು ಎಂದುಕೊಂಡಿದ್ದ ಮಹಾನುಭಾವ ನಾನು.

ವಿಷಯ ತಿಳಿದ ಮಾವನವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಆಯಿತು ಬಿಡಿ" ಎಂದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ನನಗೆ ಗಾಬರಿಯಾಗಿ, ಇಲ್ಲೇ ಹತ್ತಿರದಲ್ಲಿ ಫೆಕ್ಟ್ ಎಂಬ ನದಿಯಿದೆ, ಹಿಂದಿನ ಕಾಲದ ಸಾಹುಕಾರರ ಬಂಗಲೆಗಳಿವೆ, ಕೋಟೆಗಳಿವೆ, ಇಂಗ್ಲೆಂಡಿನ ನದಿ ಇದರ ಮುಂದೆ ಏನೇನೂ ಅಲ್ಲ ಎಂದು ಭಾಷಣ ಬಿಗಿದೆ. ಗೈಡ್ ಇರುವ ದೊಡ್ಡ ದೋಣಿಯಲ್ಲಿ ಹೋಗೋಣ ಎಂದಳು ವಿದ್ಯಾ. ಗೈಡ್ ಯಾತಕ್ಕೆ, ನಾನಿಲ್ಲವೇ? ಬ್ಯಾಟರಿಯ ಸಣ್ಣ ದೋಣಿ ಬಾಡಿಗೆಗೆ ಸಿಗುತ್ತದೆ, ಅದಕ್ಕೆ ಲೈಸೆನ್ಸೂ ಬೇಡ. ಮೈಸೂರಿನಲ್ಲಿ ಸ್ಕೂಟರ್ ಓಡಿಸಿದವನಿಗೆ ಇದೇನು ಮಹಾ!

ಆ ದೋಣಿಯ ಚುಕ್ಕಾಣಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ. ಬಾಡಿಗೆಯವನು ಇದನ್ನು ಎರಡು ಸಲ ಹೇಳಿದ್ದ, ನಾನು ಎರಡು ಸಲವೂ ತಲೆಯಾಡಿಸಿದ್ದೆ. ಹತ್ತೇ ನಿಮಿಷದಲ್ಲಿ ನಾವು ಯಾರದೋ ಹಿತ್ತಲಿನ ಜೊಂಡಿನೊಳಗೆ ನುಗ್ಗಿದ್ದೆವು. ಅಲ್ಲಿ ಕಾಫಿ ಕುಡಿಯುತ್ತಿದ್ದ ಅಜ್ಜಿಯೊಬ್ಬರು ಎದ್ದು ಬಂದು, ಕಸ ಬಾಚುವ ಕೋಲಿನಿಂದ ನಮ್ಮನ್ನು ನದಿಗೆ ವಾಪಸು ತಳ್ಳಿದರು. "ಇವರ ಹಿತ್ತಲೂ ನಿಮ್ಮ ಪಟ್ಟಿಯಲ್ಲಿತ್ತೇ?" ಎಂದು ಮಾವನವರು ಬಲು ವಿನಯದಿಂದ ಕೇಳಿದರು.

ಪಟ್ಟಿ ಇತ್ತು. ನಾಲ್ಕು ಪುಟ, ಪ್ರಿಂಟ್ ಹಾಕಿಸಿದ್ದು. ಅದನ್ನು ನೋಡಿಕೊಂಡು ಐತಿಹಾಸಿಕ ವಿವರಣೆ ಶುರುಮಾಡಿದೆ. ದಡದ ಇಟ್ಟಿಗೆ ಮನೆಯೊಂದನ್ನು ತೋರಿಸಿ, ಇದು ಒಬ್ಬ ಜಮೀನ್ದಾರರ ಬೇಸಿಗೆಯ ಅರಮನೆ ಎಂದೆ. ಬಾಗಿಲಿಗೆ ಹಲ್ಲಿನ ಡಾಕ್ಟರ ಬೋರ್ಡಿತ್ತು. ಮುಂದೆ ಗುಂಡನೆಯ ಪುಟ್ಟ ಕಟ್ಟಡ ಬಂತು. ವ್ಯಾಪಾರಿಗಳ ಹೆಂಡಂದಿರು ಚಹಾ ಕುಡಿಯಲು ಕಟ್ಟಿಸಿದ ಮಂಟಪ, ಒಳಗೆ ಒಳ್ಳೆ ಚಿತ್ರಗಳಿವೆ ಎಂದೆ. ಮಾವನವರು ಗೋಡೆ ಮೇಲಿನ ಡಚ್ ಅಕ್ಷರಗಳನ್ನು ಒಂದೊಂದೇ ಓದಿ ಹೇಳಿದರು, ವಿದ್ಯಾ ಫೋನಿನಲ್ಲಿ ಅರ್ಥ ಹುಡುಕಿದಳು. "ಚರಂಡಿ ನೀರು ಪಂಪ್ ಮಾಡೋ ಮನೆ ಅಪ್ಪ" ಎಂದಳು. ಪಟ್ಟಿ ಇದ್ದದ್ದು ನದಿಯ ಆ ತುದಿಯಿಂದ, ನಾವು ಹೊರಟದ್ದು ಈ ತುದಿಯಿಂದ ಎಂದು ನನಗೆ ಹೊಳೆಯುವ ಹೊತ್ತಿಗೆ ಒಂದು ಗಂಟೆ ಕಳೆದಿತ್ತು. ನಿಜವಾದ ಕೋಟೆ, ನಾನು ತಲೆ ಬಗ್ಗಿಸಿ ಅದರ ಬಗ್ಗೆಯೇ ಓದುತ್ತಿದ್ದಾಗ ನನ್ನ ಬೆನ್ನ ಹಿಂದೆ ದಾಟಿ ಹೋಗಿತ್ತು.

ಆಮೇಲೆ ಒಂದು ಹಳ್ಳಿ ಬಂತು. ಹಳೇ ಚರ್ಚಿನ ಗೋಪುರ, ನೀರಿಗೆ ಬಾಗಿದ ಮರಗಳು, ದೋಣಿ ಬಂದರೆ ಮೇಲೇಳುವ ಪುಟ್ಟ ಸೇತುವೆ, ಪಕ್ಕದಲ್ಲಿ ಹಾಲೆಂಡಿನ ಗುರುತಾದ ಗಾಳಿಗಿರಣಿ. ಮಾವನವರು ದೋಣಿಯ ಅಂಚಿಗೆ ಸರಿದು ಕೂತರು. ಸ್ವಲ್ಪ ಹೊತ್ತು ನೋಡಿ, ತಗ್ಗಿದ ದನಿಯಲ್ಲಿ, "ಇಲ್ಲೊಂದು ಫೋಟೊ ತೆಗೀರಿ. ಆ ಗಾಳಿಗಿರಣಿ ಬರೋದು ಬೇಡ" ಎಂದರು.

"ಅಪ್ಪ, ಇಂಗ್ಲೆಂಡು ಅಂತ ಸುಳ್ಳು ಹೇಳ್ತೀರಾ?"

"ನಾನ್ಯಾಕಮ್ಮ ಹೇಳಲಿ? ಫೋಟೊ ಕಳಿಸ್ತೀನಿ, ಅಷ್ಟೆ."

ನನ್ನ ಪಾಪ ತೊಳೆದುಕೊಳ್ಳಲು ಇದೊಂದೇ ದಾರಿ! ಅವರು ಕೋಟಿನ ಗುಂಡಿ ಹಾಕಿಕೊಂಡು ಎದ್ದು ನಿಂತರು. ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಫೋನು ಹಿಡಿದು, ಗಾಳಿಗಿರಣಿಯ ಒಂದು ರೆಕ್ಕೆಯೂ ನುಸುಳದಂತೆ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾ ಒತ್ತಿದೆ. ಅಷ್ಟರಲ್ಲಿ ಸೇತುವೆ ಎದ್ದಿತ್ತು. ಈ ದೇಶದಲ್ಲಿ ಒಂದು ಹಳೇ ಪದ್ಧತಿಯಿದೆ. ಸೇತುವೆ ಎತ್ತುವವನು ಗಾಳದ ಕೋಲಿಗೆ ಮರದ ಚಪ್ಪಲಿಯೊಂದನ್ನು ಕಟ್ಟಿ ದೋಣಿಗೆ ಇಳಿಬಿಡುತ್ತಾನೆ, ನಾವು ಅದರಲ್ಲಿ ಚಿಲ್ಲರೆ ಹಾಕಬೇಕು. ನನ್ನ ನಾಲ್ಕು ಪುಟಗಳಲ್ಲಿ ಇದು ಇರಲಿಲ್ಲ. ಮಾವನವರು ತಿರುಗಿದಾಗ ಮೂಗಿನ ಮುಂದೆ ಚಪ್ಪಲಿ ತೂಗಾಡುತ್ತಿತ್ತು.

"ಏನ್ರೀ ಇದು, ಮುಖಕ್ಕೆ ಚಪ್ಪಲಿ ತೋರಿಸ್ತಾನೆ!"

ನಾನು ಗಡಬಡಿಸಿ ಚುಕ್ಕಾಣಿಯನ್ನು ತಳ್ಳಬಾರದ ಕಡೆಗೇ ತಳ್ಳಿದೆ. ದೋಣಿ ಸೇತುವೆಯ ಕೆಳಗೆ ಅಡ್ಡಡ್ಡ ನಿಂತಿತು. ಹಿಂದೆ ಮೂರು ದೋಣಿ ಸಾಲುಗಟ್ಟಿದವು, ಮೇಲೆ ಸೈಕಲ್ಲಿನವರು ಕಾದು ನಿಂತರು. ನಮ್ಮ ಹತ್ತಿರ ಕಾರ್ಡು ಬಿಟ್ಟರೆ ಒಂದು ಬಿಡಿ ನಾಣ್ಯವಿಲ್ಲ. ವಿದ್ಯಾ ಪದ್ಧತಿಯನ್ನು ವಿವರಿಸಿ ಅಪ್ಪನನ್ನು ಸಮಾಧಾನ ಮಾಡಿದಳು. ಸೇತುವೆಯವನು ನನ್ನ ಅವಸ್ಥೆ ನೋಡಿ, ಹೋಗು ಮಾರಾಯ ಎನ್ನುವಂತೆ ಕೈಬೀಸಿದ.

ಮಾವನವರಿಗೆ ಫೋನಿನಲ್ಲಿ ಟೈಪ್ ಮಾಡಲು ಬರುತ್ತದೆ, ಕಳಿಸಲು ಬರುವುದಿಲ್ಲ. ಮನೆಗೆ ಬಂದ ಮೇಲೆ ಫೋಟೊವನ್ನು ಅವರ ಫೋನಿಗೆ ಹಾಕಿ, ಅಲ್ಲಿಂದ ಗ್ರೂಪಿಗೆ ನಾನೇ ಕಳಿಸಿದೆ. ಚರ್ಚು, ಮರ, ಮಾವನವರ ಮುಗುಳುನಗೆ. ಗಾಳಿಗಿರಣಿಯ ಸುಳಿವೇ ಇಲ್ಲ. ಬೀಗಿದೆ.

ಬೆಳಗ್ಗೆ ಶ್ರೀಕಂಠಯ್ಯನವರ ಉತ್ತರ ಬಂದಿತ್ತು. ಇಂಗ್ಲೆಂಡಿನ ನದಿ ಬಹಳ ಚೆನ್ನಾಗಿದೆ. ಆದರೆ ನಿಮ್ಮ ತಲೆಯ ಮೇಲೆ ತೂಗಾಡುತ್ತಿರುವ ಮರದ ಚಪ್ಪಲಿ ಹಾಲೆಂಡಿನದಲ್ಲವೇ? ನಿಮ್ಮ ಸನ್ಮಾನಕ್ಕೆಂದು ಅಲ್ಲಿಂದ ತರಿಸಿದ್ದರೇ?

ಫೋಟೊ ದೊಡ್ಡದು ಮಾಡಿ ನೋಡಿದೆ. ಚಪ್ಪಲಿ ಇತ್ತು. ಮಾವನವರ ಮುಖಕ್ಕಿಂತ ಸ್ಪಷ್ಟವಾಗಿತ್ತು.

ಮಾವನವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಒಂದೇ ಬೆರಳಲ್ಲಿ ಬಹಳ ಹೊತ್ತು ಟೈಪ್ ಮಾಡಿದರು. ಆಮೇಲೆ ಕಳಿಸಿಕೊಡಿ ಎಂದು ಫೋನನ್ನು ನನ್ನ ಕೈಗಿಟ್ಟರು. ಹೀಗೆ ಬರೆದಿತ್ತು: "ಹೌದು, ಇದು ಹಾಲೆಂಡೇ. ಇಂಗ್ಲೆಂಡ್ ನೋಡಲಾಗಲಿಲ್ಲ. ಚಪ್ಪಲಿ ನನಗಲ್ಲ, ನನ್ನ ಅಳಿಯನಿಗೆಂದು ಬಂದದ್ದು. ಅವನಿಗೆ ದೋಣಿ ನಡೆಸಲು ಬಾರದೆ ನನ್ನನ್ನು ಅದರ ಕೆಳಗೆ ತಂದು ನಿಲ್ಲಿಸಿದ."

ಒಂದು ಅಕ್ಷರ ತಪ್ಪಿರಲಿಲ್ಲ. ನಾನೇ ಒತ್ತಿ ಕಳಿಸಿದೆ.