ಬಡತನಕ್ಕೆ ನಾನು ಕೊಟ್ಟ ಅಂಕಗಳು

ಬಡತನ ಅಳೆಯುವ ಕೆಲಸದಲ್ಲಿ ನಗು ಎಲ್ಲಿಂದ ಬರಬೇಕು ಅನ್ನುವವರು ನನ್ನ ಹಾಗೆ ಮನೆಮನೆ ತಿರುಗಿದವರಲ್ಲ. ನಮ್ಮ ಕಡೆಯ ಊರುಗಳನ್ನು ನೆಲಸಮ ಮಾಡಿದ ಭೂಕಂಪವಾಗಿ ಕೆಲವು ವರ್ಷಗಳ ಮೇಲೆ, ಗಡಿಯಾಚೆಯ ಉಮರ್ಗಾದಲ್ಲಿ ಮಾಸ್ತರನಾಗಿದ್ದ ನನ್ನನ್ನು ಸರಕಾರ ಸಮೀಕ್ಷೆಗೆ ಹಾಕಿತು. ಮನೆ, ಬಟ್ಟೆ, ಸಂಡಾಸ, ಒಂದೊಂದಕ್ಕೂ ಅಂಕ. ಅಂಕ ಕಡಿಮೆ ಬಿದ್ದವರಿಗೆ ಅಗ್ಗದ ಕಾಳು ಸಿಗುವ ಹಳದಿ ರೇಷನ್ ಕಾರ್ಡ್. ಫೇಲಾದವರಿಗೆ ಬಹುಮಾನ ಕೊಡುವ ಪರೀಕ್ಷೆ ಅದೊಂದೇ. ನನ್ನ ಕೈಗುಣ ಎಂಥದ್ದೆಂದರೆ, ಬಾಗಿಲಲ್ಲಿ ನಿಂತು ಕೆಮ್ಮಿದರೆ ಸಾಕು, ಒಳಗಿನ ಬಡತನ ತಾನೇ ಎದ್ದು ಬಂದು ಚಾಪೆ ಹಾಸುತ್ತಿತ್ತು.

ಬಟ್ಟೆ

ಅರಿವೆ ಅಂಗಡಿಯ ಸಾಹುಕಾರರು, ಹಣೆ ತುಂಬ ವಿಭೂತಿ.

"ಎಷ್ಟು ಜೊತಿ ಬಟ್ಟಿ ಅದಾವ್ರಿ?"

"ಎರಡ ಜೊತಿ ನೋಡ್ರಿ ಮಾಸ್ತರ."

ಅವರ ಬೆನ್ನ ಹಿಂದೆ ಬಟ್ಟೆಯ ಥಾನುಗಳು ಛಾವಣಿ ಮುಟ್ಟಿದ್ದವು. "ಮತ್ತ ಇವು?"

"ಇವು ಗಿರಾಕಿಗೋಳ್ವು. ಇನ್ನೂ ಒಯ್ದಿಲ್ಲ, ಅಷ್ಟ."

ಸಂಡಾಸ

ಸಾಸ್ತೂರದ ಕಡೆ ಒಬ್ಬ ರೈತನ ಹೊಸ ಸಂಡಾಸಿಗೆ ದೊಡ್ಡ ಕೀಲಿ ಬಿದ್ದಿತ್ತು.

"ಒಳಗ ಬಿತ್ತೂ ಸೋಯಾಬೀನ್ ಅದರಿ. ಇಷ್ಟು ಗಟ್ಟಿ ಖೋಲಿ ಊರಾಗ ಬ್ಯಾರೆ ಇಲ್ಲ."

"ಮತ್ತ ನೀವು ಎಲ್ಲಿ ಹೋಗ್ತೀರಿ?"

"ಅದನ್ನ ಬಿತ್ತೂ ಹೊಲಕ್ಕ."

ಮನೆ

ಅದೇ ಊರಿನಲ್ಲಿ ಕಳೆ ತೆಗೆಯುವ ಕೂಲಿಯ ಒಂಟಿ ಮುದುಕಿ ಇದ್ದಳು. ಅವಳಿಗೂ ಭೂಕಂಪದ ನಂತರ ಸರಕಾರ ಕಟ್ಟಿಸಿಕೊಟ್ಟ ಸ್ಲ್ಯಾಬಿನ ಮನೆ. ನನ್ನ ಕಣ್ಣು ಬಲು ಚುರುಕು, ರಸ್ತೆಯಲ್ಲಿ ನಿಂತೇ ಪೂರ್ತಿ ಅಂಕ ಕೊಟ್ಟೆ. ಪಟ್ಟಿ ಬಂದಾಗ ಅವಳ ಹಳದಿ ಕಾರ್ಡ್ ಹೋಗಿತ್ತು.

ಶಾಲೆಗೇ ಬಂದಳು. "ಮಾಸ್ತರ, ನಾ ಶ್ರೀಮಂತಳು ಆಗೀನಂತ. ನನಗ ಒಂದು ಮಾತು ಹೇಳಬಾರದಾ? ಈ ತಿಂಗಳ ಜೋಳ ಎಲ್ಲಿಂದ ತರ್ಲಿ?"

ತಪ್ಪು ಮಾಡುವುದರಲ್ಲಿ ಹೇಗೋ, ತಿದ್ದುವುದರಲ್ಲೂ ನಾನೇ ಮುಂದು. ಮರುತಪಾಸಣೆಗೆ ತಹಸೀಲ ಕಚೇರಿಯ ಸಾಹೇಬರನ್ನೇ ಕರೆದೊಯ್ದೆ. ಅವರು ಬಾಗಿಲು ತಳ್ಳಿದರು. ಪಡಸಾಲೆಯ ನಡುವೆ ಒಂದು ಎಮ್ಮೆ, ಫ್ಯಾನಿನ ಕೊಂಡಿಯ ಕೆಳಗೆ ಆರಾಮಾಗಿ ಮೆಲುಕು ಹಾಕುತ್ತಿತ್ತು. ಮುದುಕಿಯ ಒಲೆ, ಹಾಸಿಗೆ ಎಲ್ಲ ಅಂಗಳದ ತಗಡಿನ ಶೆಡ್ಡಿನಲ್ಲಿ.

"ಆಯಿ, ನೀ ಒಳಗ ಇರೂದಿಲ್ಲೇನು?"

"ಸ್ಲ್ಯಾಬಿನ ಕೆಳಗ ನನಗ ನಿದ್ದಿ ಹತ್ತೂದಿಲ್ರಿ ಸಾಹೇಬ. ಆಕಿಗಿ ಅಂಜಿಕಿ ಇಲ್ಲ. ಆಕಿ ಭೂಕಂಪ ಆದ ಮ್ಯಾಲ ಹುಟ್ಯಾಳ."

ಸಾಹೇಬರು ನನ್ನ ಕೈಯಿಂದ ಫಾರ್ಮು ಇಸಿದುಕೊಂಡು 'ಪಕ್ಕಾ ಮನೆ' ಹೊಡೆದುಹಾಕಿ, 'ತಗಡಿನ ಶೆಡ್' ಎಂದು ತಾವೇ ಬರೆದರು. "ಹಳದಿ ಕಾರ್ಡ್ ಬರ್ತದ, ಆಯಿ."

ಮುದುಕಿ ಎಮ್ಮೆಯ ಕಡೆ ನೋಡಿದಳು. "ಮತ್ತ ಆಕಿಗಿ?"

ಸಾಹೇಬರು ಪೆನ್ನು ಕಿಸೆಗೆ ಸಿಕ್ಕಿಸಿದರು. "ಆಕಿಗಿ ಬರೂದಿಲ್ಲ. ಆಕಿದು ಸ್ಲ್ಯಾಬಿನ ಮನಿ."